ಕೊಲರಾಡೊ ನದಿ: ನಾಲ್ಕು ವರ್ಷದ ನೀರು ಹಿಡಿಯುವ ಡ್ಯಾಮುಗಳಿದ್ದೂ ಕೊರತೆ ಯಾಕೆ?

ತೂಬುಗಾರ

ಅಮೆರಿಕದ ಕೊಲರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟೆಯ ಹಿಂದಿನ ಮೀಡ್ ಸರೋವರ ತುಂಬಿದರೆ ಸುಮಾರು 2.6 ಕೋಟಿ ಎಕರೆ-ಅಡಿ (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ನಮ್ಮ ಅಳತೆಯಲ್ಲಿ 1,130 ಟಿಎಂಸಿ, ಅಂದರೆ ಹತ್ತಿರ ಹತ್ತಿರ ಇಪ್ಪತ್ತಮೂರು ಕೆಆರ್‌ಎಸ್. ಅದಕ್ಕೂ ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯ ಪೊವೆಲ್ ಸರೋವರ, ಹೆಚ್ಚುಕಮ್ಮಿ ಅಷ್ಟೇ ದೊಡ್ಡದು. 2000ದಿಂದ ಈಚೆಗೆ ಈ ನದಿಗೆ ಬರುತ್ತಿರುವುದು ವರ್ಷಕ್ಕೆ ಸರಾಸರಿ 1.24 ಕೋಟಿ ಎಕರೆ-ಅಡಿ, ಸುಮಾರು 540 ಟಿಎಂಸಿ. ಎರಡೂ ಸೇರಿದರೆ ನಾಲ್ಕು ವರ್ಷದ ನೀರು ಒಳಗೇ ಕೂರುತ್ತದೆ. ಒಂದು ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ತಳ ಕಾಣುವ ನಮ್ಮ ಜಲಾಶಯಗಳ ಮುಂದೆ ಇದು ಕುಬೇರನ ಕಣಜ.

ಆದರೂ 2021ರ ಆಗಸ್ಟ್‌ನಲ್ಲಿ ಚರಿತ್ರೆಯಲ್ಲೇ ಮೊದಲ ಸಲ ಕೊರತೆ ಘೋಷಣೆಯಾಯಿತು, 2022ರ ಜುಲೈನಲ್ಲಿ ಮೀಡ್ ಮಟ್ಟ (ಸಮುದ್ರಮಟ್ಟದಿಂದ) 1,040 ಅಡಿಗೆ ಇಳಿಯಿತು. ತುಂಬಿದ ಮಟ್ಟ 1,220 ಅಡಿ ಹತ್ತಿರ. ಬರ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಗೇಟಿನಿಂದ ಹೊಲದ ತೂಬಿನವರೆಗೆ ನೀರು ಹೇಗೆ ಹೋಗುತ್ತೆ, ಎಲ್ಲಿ ಕೈಕೊಡುತ್ತೆ, ಬಲ್ಲವರು ಬಿಡಿಸಿ ಹೇಳಿ.

ಲೆಕ್ಕದಬುಕ್ಕು

ಬರ ಆಮೇಲೆ ಬಂತು. ಕೂಡಿ ಕಳೆಯುವ ಲೆಕ್ಕ ಮೊದಲಿನಿಂದಲೇ ಕೂಡುತ್ತಿರಲಿಲ್ಲ.

1922ರ ಒಪ್ಪಂದದಲ್ಲಿ ನದಿಯನ್ನು ಲೀ ಫೆರಿ ಅನ್ನುವ ಜಾಗದಲ್ಲಿ ಎರಡು ಭಾಗ ಮಾಡಿದರು. ಮೇಲ್ಕಣಿವೆಗೆ 75 ಲಕ್ಷ ಎಕರೆ-ಅಡಿ, ಕೆಳಕಣಿವೆಗೆ 75 ಲಕ್ಷ. 1944ರ ಒಡಂಬಡಿಕೆಯಲ್ಲಿ ಮೆಕ್ಸಿಕೋಗೆ 15 ಲಕ್ಷ. ಒಟ್ಟು 165 ಲಕ್ಷ, ಅಂದರೆ ಸುಮಾರು 719 ಟಿಎಂಸಿ ಹಂಚಿಕೆ. ಬರುತ್ತಿರುವುದು 540. ಮೇಲ್ಕಣಿವೆಯವರು ತಮ್ಮ ಪಾಲನ್ನು ಪೂರ್ತಿ ಬಳಸದೇ ಇರುವುದರಿಂದ ಇಷ್ಟು ವರ್ಷ ದೂಡಿಕೊಂಡು ಬಂದಿದೆ.

ಈಗ ಮೀಡ್ ಒಂದನ್ನೇ ತೆಗೆದುಕೊಳ್ಳಿ. ಬರವಿಲ್ಲದ ಒಂದು ಸಾಧಾರಣ ವರ್ಷ ಅಂತಿಟ್ಟುಕೊಳ್ಳೋಣ. ಪೊವೆಲ್‌ನಿಂದ ಬಿಡುಗಡೆ 82.3 ಲಕ್ಷ ಎಕರೆ-ಅಡಿ. ಇದೇನು ವಿಚಿತ್ರ ಅಂಕಿ ಅನ್ನಬೇಡಿ: ಕೆಳಕಣಿವೆಯ 75, ಮೆಕ್ಸಿಕೋ ಪಾಲಿನ ಅರ್ಧ 7.5, ಎರಡೂ ಸೇರಿ 82.5. ಅಣೆಕಟ್ಟೆಯ ಕೆಳಗೆ ಸೇರಿಕೊಳ್ಳುವ ಪರಿಯಾ ಹೊಳೆಯ 0.2 ಕಳೆದರೆ 82.3. ಗ್ರ್ಯಾಂಡ್ ಕ್ಯಾನ್ಯನ್ ಉದ್ದಕ್ಕೂ ಸೇರುವ ಚಿಲುಮೆ, ಹಳ್ಳಗಳ ನೀರು ಕೂಡಿಸಿದರೆ ಮೀಡ್‌ಗೆ ಒಳಹರಿವು ಸುಮಾರು 90 ಲಕ್ಷ. ಹೊರಗೆ ಕೊಡಬೇಕಾದದ್ದು, ಕೆಳಗಿನ ದಾರಿ ನಷ್ಟವೂ ಸೇರಿ, 96 ಲಕ್ಷ. ಮೀಡ್‌ನಿಂದ ಆವಿಯಾಗುವುದು ಇನ್ನೊಂದು 6 ಲಕ್ಷ. ಅಲ್ಲಿಗೆ 12 ಲಕ್ಷ ಎಕರೆ-ಅಡಿ ಖೋತಾ. 52 ಟಿಎಂಸಿ, ವರ್ಷಕ್ಕೊಂದು ಕೆಆರ್‌ಎಸ್ ಮಾಯ. ಮಟ್ಟದಲ್ಲಿ ಸುಮಾರು 12 ಅಡಿ ಇಳಿತ.

ಮೂಲ ದೋಷ ಇಲ್ಲಿದೆ. ಕೆಳಗಿನ ಮೂರು ರಾಜ್ಯಗಳ ಪಾಲು (ಕ್ಯಾಲಿಫೋರ್ನಿಯಾ 44 ಲಕ್ಷ, ಅರಿಜೋನಾ 28, ನೆವಾಡ 3) ಕಾಲುವೆಯ ಬಾಯಲ್ಲಿ ಅಳೆದದ್ದು. ಆವಿ, ಸೋರಿಕೆ, ದಾರಿ ನಷ್ಟ ಯಾರ ಖಾತೆಗೂ ಬೀಳುವುದಿಲ್ಲ, ಜಲಾಶಯವೇ ಹೊರಬೇಕು. ಮೇಲ್ಕಣಿವೆಯಲ್ಲಿ ಹಾಗಲ್ಲ, ಅವರ ಜಲಾಶಯಗಳ ಆವಿ ಅವರ ಬಳಕೆಗೇ ಸೇರುತ್ತದೆ. ಈಗಿನ ಜಗಳದ ಅರ್ಧಭಾಗ ಇದೇ.

ಟೇಲೆಂಡ್_ಮಾನ್ವಿ

ಒಂದು ಪ್ರಶ್ನೆ. ತುಂಗಭದ್ರಾ ಎಡದಂಡೆಯಲ್ಲಿ ಮೇಲ್ಭಾಗದವರು ಭತ್ತ ಹಾಕಿ ನೀರು ಎಳೆದುಕೊಂಡರೆ ಕೊನೆ ಭಾಗಕ್ಕೆ ಬರುವುದು ಬರೀ ಸುದ್ದಿ. ಕೊಲರಾಡೊದಲ್ಲಿ ಅತಿ ಹೆಚ್ಚು ನೀರು ತೆಗೆದುಕೊಳ್ಳುವ ಇಂಪೀರಿಯಲ್ ಕಣಿವೆ ಇರುವುದೇ ಕಟ್ಟಕಡೆಗೆ, ಮೆಕ್ಸಿಕೋ ಗಡಿಯ ಹತ್ತಿರ. ಮೇಲಿನವರು ಸುಮ್ಮನೆ ಬಿಡುತ್ತಾರಾ?

ಲೆಕ್ಕದಬುಕ್ಕು

ಬಿಡಲೇಬೇಕು. ಅಲ್ಲಿ ಹಕ್ಕು ಜಾಗದ ಮೇಲಲ್ಲ, ತಾರೀಖಿನ ಮೇಲೆ. ಮೊದಲು ನೀರು ಬಳಸಿದವನಿಗೆ ಮೊದಲ ಪಾಲು. ಕ್ಯಾಲಿಫೋರ್ನಿಯಾದೊಳಗೆ 1931ರ ಏಳು ಪಕ್ಷಗಳ ಒಪ್ಪಂದ ಸಾಲು ಹಚ್ಚಿದೆ: ಪಾಲೋ ವರ್ಡೆ, ಯೂಮಾ, ಆಮೇಲೆ ಇಂಪೀರಿಯಲ್ ಮತ್ತು ಕೋಚೆಲ್ಲಾ. ಇವರೆಲ್ಲ ಕೃಷಿಯವರು, ಒಟ್ಟು 38.5 ಲಕ್ಷ ಎಕರೆ-ಅಡಿ. ಲಾಸ್ ಏಂಜಲೀಸ್ ಕಡೆಯ ನಗರಗಳ ಕೂಟ ನಾಲ್ಕನೆಯದು, 5.5 ಲಕ್ಷ. ಊರಿಗಿಂತ ಹೊಲಕ್ಕೆ ಮೊದಲ ಹಕ್ಕು!

ಅರಿಜೋನಾದ ದೊಡ್ಡ ಕಾಲುವೆ ತೀರಾ ಕಿರಿಯದು. 1968ರಲ್ಲಿ ಅದಕ್ಕೆ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಒಪ್ಪಿಗೆ ಪಡೆಯಲು ಕ್ಯಾಲಿಫೋರ್ನಿಯಾದ ಹಿಂದೆ ನಿಲ್ಲುತ್ತೇವೆ ಅಂತ ಬರೆದುಕೊಟ್ಟರು. ಹಾಗಾಗಿ ಕಡಿತದ ಮೊದಲ ಏಟು ಅವರಿಗೇ. 2007ರ ನಿಯಮದಂತೆ ಮೀಡ್ 1,075 ಅಡಿಗಿಂತ ಕೆಳಗೆ ಹೋದರೆ ಅರಿಜೋನಾಗೆ 3.2 ಲಕ್ಷ, ನೆವಾಡಕ್ಕೆ 13 ಸಾವಿರ ಎಕರೆ-ಅಡಿ ಕಡಿತ. ಮುಂದಿನ ಮೆಟ್ಟಿಲುಗಳು 1,050 ಮತ್ತು 1,025. 2019ರ ಬರ ಯೋಜನೆ ಅದರ ಮೇಲೆ ಇನ್ನಷ್ಟು ಸೇರಿಸಿತು. 2022ರಲ್ಲಿ ಅರಿಜೋನಾ ಒಟ್ಟು ಕಳೆದುಕೊಂಡದ್ದು 5.12 ಲಕ್ಷ, 2023ರಲ್ಲಿ 5.92 ಲಕ್ಷ. ಅದೇ 2023ರಲ್ಲಿ ಈ ಮೆಟ್ಟಿಲಿನ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾಗೆ ಕಡಿತ ಸೊನ್ನೆ.

ಇನ್ನೊಂದು ಮಾತು. ಮೆಟ್ಟಿಲು ನಿರ್ಧಾರವಾಗುವುದು ಈ ಹೊತ್ತಿನ ಮಟ್ಟದಿಂದಲ್ಲ. ಈ ಅಣೆಕಟ್ಟೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಬ್ಯೂರೋ ಆಫ್ ರೆಕ್ಲಮೇಶನ್ ಆಗಸ್ಟ್‌ನಲ್ಲಿ ಹೊರಡಿಸುವ 24 ತಿಂಗಳ ಅಂದಾಜಿನಲ್ಲಿ ಮುಂದಿನ ಜನವರಿ 1ಕ್ಕೆ ಮಟ್ಟ ಎಷ್ಟಿರಬಹುದು ಅಂತ ಇರುತ್ತದಲ್ಲ, ಅದರಿಂದ. ಪತ್ರಿಕೆಗಳು ಜೂನ್‌ನಲ್ಲೇ ಬಾಯಿ ಬಡಿದುಕೊಳ್ಳುವುದು ಅದಕ್ಕೇ ವ್ಯರ್ಥ.

ನೀರುಗಂಟಿ

ಕಾಗದದ ಹಕ್ಕು ಸರಿ, ಗೇಟು ಎತ್ತುವವನ ಕಷ್ಟ ಬೇರೆ. ಅದನ್ನು ಹೇಳುತ್ತೇನೆ.

ಈ ನದಿಯ ಕೆಳಭಾಗದಲ್ಲಿ ಹೊಳೆ ಅನ್ನುವುದು ಹೆಸರಿಗಷ್ಟೇ, ನಡೆಯುವುದು ಆರ್ಡರ್ ವ್ಯವಹಾರ. ಹೂವರ್ ಕೆಳಗೆ ಡೇವಿಸ್ ಅಣೆಕಟ್ಟೆ, ಅದರ ಕೆಳಗೆ ಪಾರ್ಕರ್, ಅಲ್ಲಿಂದ ಮುಂದೆ ಹೆಡ್‌ಗೇಟ್ ರಾಕ್, ಪಾಲೋ ವರ್ಡೆ, ಕೊನೆಗೆ ಇಂಪೀರಿಯಲ್ ಒಡ್ಡು. ಪಾರ್ಕರ್‌ನಿಂದ ಬಿಟ್ಟ ನೀರು ಇಂಪೀರಿಯಲ್ ಮುಟ್ಟಲು ಸುಮಾರು ಮೂರು ದಿನ. ಇಂಪೀರಿಯಲ್ ನೀರಾವರಿ ಜಿಲ್ಲೆ ಶನಿವಾರ ಇಷ್ಟು ಕ್ಯೂಸೆಕ್ ಬೇಕು ಅಂದರೆ ಪಾರ್ಕರ್ ಗೇಟು ಬುಧವಾರವೇ ಅದಕ್ಕೆ ತಕ್ಕಂತೆ ಕೂತಿರಬೇಕು. ಹೆಡ್‌ಗೇಟ್ ರಾಕ್, ಪಾಲೋ ವರ್ಡೆಯವರ ಬೇಡಿಕೆ, ಯೂಮಾದವರದ್ದು, ಮೆಕ್ಸಿಕೋದ್ದು, ದಾರಿಯ ನಷ್ಟ, ಎಲ್ಲ ಕೂಡಿಸಿ ದಿನದ ಬಿಡುಗಡೆ ಲೆಕ್ಕ ಹಾಕುತ್ತಾರೆ.

ಇನ್ನು ಕಣಿವೆಯೊಳಗೆ. ರೈತ ಹಿಂದಿನ ದಿನವೇ ಆರ್ಡರ್ ಹಾಕಬೇಕು: ಯಾವ ತೂಬು, ಎಷ್ಟು ಕ್ಯೂಸೆಕ್, 12 ತಾಸಿಗೋ 24 ತಾಸಿಗೋ. ತೂಬು ತೆರೆಯುವವನು ಸಾನ್ಹೇರೊ. ಸ್ಪ್ಯಾನಿಷ್ ಪದ, ನಮ್ಮ ನೀರುಗಂಟಿಯೇ. ಒಂದು ಉಪಕಾಲುವೆಯ ತೂಬುಗಳಿಗೆಲ್ಲ ಅವನೇ ಯಜಮಾನ. ಒಬ್ಬನ ಸರದಿ ಮುಗಿದು ಇನ್ನೊಬ್ಬನದ್ದು ಶುರುವಾಗುವಾಗ ಕಾಲುವೆಯ ಮಟ್ಟ ಕುಣಿಯದಂತೆ ಮೇಲಿನ ಅಡ್ಡಗೇಟನ್ನೂ ತಿರುಗಿಸುತ್ತಾ ಇರಬೇಕು. ಮಟ್ಟ ಬಿದ್ದರೆ ಕೆಳಗಿನ ತೂಬಿನಲ್ಲಿ ನೀರು ಕಮ್ಮಿ, ಏರಿದರೆ ಕೊನೆಯಲ್ಲಿ ಚೆಲ್ಲಿ ಬಸಿಗಾಲುವೆ ಪಾಲು. ರೈತ ಮಧ್ಯದಲ್ಲಿ ಸಾಕು ಅಂದರೆ ಆ ನೀರನ್ನು ಎಲ್ಲಿಗೆ ಕಳಿಸುವುದು ಅನ್ನುವುದು ಅವನ ತಲೆನೋವು.

ಅದೇ ತಲೆನೋವು ದೊಡ್ಡದಾಗಿ ನದಿಯಲ್ಲೂ ಇದೆ. ಬುಧವಾರ ಬಿಟ್ಟ ನೀರು ದಾರಿಯಲ್ಲಿದೆ, ಶುಕ್ರವಾರ ಮರುಭೂಮಿಯಲ್ಲಿ ಅಪರೂಪಕ್ಕೆ ಮಳೆ ಬಂತು, ರೈತರೆಲ್ಲ ಆರ್ಡರ್ ರದ್ದು ಮಾಡಿದರು. ನೀರನ್ನು ವಾಪಸ್ ಕರೆಯಲು ಆಗುತ್ತದೆಯೇ? ಇಂಪೀರಿಯಲ್ ಒಡ್ಡಿನ ಹಿಂದೆ ಹೂಳು ತುಂಬಿದೆ, ಹಿಡಿದಿಡಲು ಜಾಗವಿಲ್ಲ. ಹತ್ತಿರದ ಸೆನೆಟರ್ ವಾಷ್ ಕಟ್ಟೆಗೆ ಪಂಪ್ ಮಾಡಿ ಒಂದಿಷ್ಟು ಎತ್ತಿಡಬಹುದು, ಆದರೆ ಏರಿಯಲ್ಲಿ ಸೋರಿಕೆಯ ಭಯವಿರುವುದರಿಂದ ಅದನ್ನು ಪೂರ್ತಿ ತುಂಬಿಸುವುದಿಲ್ಲ. ಉಳಿದದ್ದು ಮೆಕ್ಸಿಕೋಗೆ ಹರಿದುಹೋಗುತ್ತಿತ್ತು, ಅವರ 15 ಲಕ್ಷದ ಲೆಕ್ಕಕ್ಕೆ ಸೇರದೆ.

ಇದಕ್ಕಾಗಿ 2010ರಲ್ಲಿ, ಇಂಪೀರಿಯಲ್ ಒಡ್ಡಿನಿಂದ ಕಣಿವೆಗೆ ನೀರು ಒಯ್ಯುವ ಆಲ್-ಅಮೆರಿಕನ್ ಕಾಲುವೆಯ ಪಕ್ಕ ಬ್ರಾಕ್ ಜಲಾಶಯ ಕಟ್ಟಿದರು. ಎರಡು ತೊಟ್ಟಿ, ತಲಾ 4,000 ಎಕರೆ-ಅಡಿ, ಒಟ್ಟು ಬರೀ 0.35 ಟಿಎಂಸಿ. ಖರ್ಚು 17.2 ಕೋಟಿ ಡಾಲರ್. ಒಳಗೆ ಬರುವುದೂ ಹೊರಗೆ ಹೋಗುವುದೂ ಇಳಿಜಾರಿನಲ್ಲೇ, ಪಂಪಿಲ್ಲ. ರದ್ದಾದ ನೀರನ್ನು ಇದರಲ್ಲಿ ಹಿಡಿದು, ನಾಲ್ಕು ದಿನ ಬಿಟ್ಟು ಆರ್ಡರ್ ಬಂದಾಗ ಕಾಲುವೆಗೇ ಬಿಡುತ್ತಾರೆ. ಅಷ್ಟರಮಟ್ಟಿಗೆ ಪಾರ್ಕರ್‌ನಲ್ಲಿ ಕಮ್ಮಿ ಬಿಟ್ಟರಾಯಿತು. ವರ್ಷಕ್ಕೆ ಉಳಿತಾಯದ ಅಂದಾಜು 70 ಸಾವಿರ ಎಕರೆ-ಅಡಿ, ಮೂರು ಟಿಎಂಸಿ. ತನ್ನ ಹೊಟ್ಟೆಯ ಎಂಟೊಂಬತ್ತು ಪಟ್ಟು! 1,130 ಟಿಎಂಸಿಯ ಮೀಡ್ ಮಾಡಲಾಗದ ಕೆಲಸ ಇದು, ಯಾಕೆಂದರೆ ಮೀಡ್ ಇರುವುದು ದೂರದಲ್ಲಿ.

ತೂಬುಗಾರ

ಇದು ಚೆನ್ನಾಗಿದೆ. ದುಡ್ಡು ಯಾರು ಹಾಕಿದರು?

ಲೆಕ್ಕದಬುಕ್ಕು

ಮಜಾ ಅಲ್ಲಿದೆ. ಜಾಗ ಕ್ಯಾಲಿಫೋರ್ನಿಯಾದಲ್ಲಿ, ಹಣ ಮುಖ್ಯವಾಗಿ ಲಾಸ್ ವೇಗಸ್‌ನ ನೀರು ಪ್ರಾಧಿಕಾರದ್ದು. ಜೊತೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ನಗರಗಳ ಕೂಟ ಮತ್ತು ಅರಿಜೋನಾದ ಕಾಲುವೆ ಮಂಡಳಿ. ಪ್ರತಿಯಾಗಿ ಒಂದು ಬಾರಿಗೆ 6 ಲಕ್ಷ ಎಕರೆ-ಅಡಿ ಹಕ್ಕು: ನೆವಾಡಕ್ಕೆ 4 ಲಕ್ಷ, ಉಳಿದವರಿಗೆ ತಲಾ ಒಂದು ಲಕ್ಷ. ಕಟ್ಟೆಯ ನೀರು ಕೊಳವೆಯಲ್ಲಿ ವೇಗಸ್‌ಗೆ ಹೋಗುವುದಿಲ್ಲ. ಇಲ್ಲಿ ಉಳಿದಷ್ಟನ್ನು ಅವರು ಮೀಡ್‌ನಿಂದ ಎತ್ತಿಕೊಳ್ಳುತ್ತಾರೆ, ಅಷ್ಟೆ.

ವೇಗಸ್‌ನವರ ಪಾಲು ಬರೀ 3 ಲಕ್ಷ, 13 ಟಿಎಂಸಿ. ಮನೆಯೊಳಗೆ ಬಳಸಿದ ನೀರನ್ನು ಶುದ್ಧಮಾಡಿ ಮೀಡ್‌ಗೇ ಬಿಟ್ಟರೆ ಅಷ್ಟಕ್ಕೆ ಮತ್ತೆ ಎತ್ತುವ ಹಕ್ಕು ಸಿಗುತ್ತದೆ. ಆದ್ದರಿಂದ ಅಲ್ಲಿ ಸ್ನಾನದ ನೀರು ನಷ್ಟವಲ್ಲ, ಹುಲ್ಲುಹಾಸಿಗೆ ಹಾಕಿದ್ದೇ ನಷ್ಟ.

ಹೂಳು

ಎಲ್ಲರೂ ನೀರಿನ ಬಗ್ಗೆಯೇ ಹೇಳ್ತಿದೀರಿ. ಈ ನದಿಗೆ ಆ ಹೆಸರು ಬಂದಿದ್ದೇ ಕೆಂಪು ಮಣ್ಣಿನಿಂದ. ಮಣ್ಣಿನ ಕಥೆ ಗೊತ್ತಿಲ್ಲದೆ ಅಣೆಕಟ್ಟೆ ಅರ್ಥವಾಗಲ್ಲ.

1901ರಲ್ಲಿ ಒಂದು ಖಾಸಗಿ ಕಂಪನಿ ಇಂಪೀರಿಯಲ್ ಕಣಿವೆಗೆ ನೀರು ತಂದಿತು. ಕಣಿವೆಯ ತಗ್ಗು ಸಮುದ್ರಮಟ್ಟಕ್ಕಿಂತ 270 ಅಡಿಗೂ ಕೆಳಗೆ, ನದಿ ಎತ್ತರದಲ್ಲಿ. ನೀರು ತಾನಾಗಿಯೇ ಇಳಿಯುತ್ತದೆ, ಸುಲಭ. ಮೂರೇ ವರ್ಷದಲ್ಲಿ ಕಾಲುವೆಯ ಮೊದಲ ನಾಲ್ಕು ಮೈಲಿ ಹೂಳು ತುಂಬಿ ಕಟ್ಟಿಕೊಂಡಿತು. ಬೆಳೆ ಒಣಗುವ ಗಡಿಬಿಡಿಯಲ್ಲಿ 1904ರಲ್ಲಿ ಗಡಿಯಾಚೆ ಮೆಕ್ಸಿಕೋ ಭಾಗದಲ್ಲಿ ದಂಡೆ ಕಡಿದು ಹೊಸ ಬಾಯಿ ತೆಗೆದರು. ತೂಬು ಕೂರಿಸಲಿಲ್ಲ, ಆಮೇಲೆ ಕಟ್ಟಿದರಾಯಿತು ಅಂದುಕೊಂಡರು. 1905ರಲ್ಲಿ ಪ್ರವಾಹದ ಮೇಲೆ ಪ್ರವಾಹ ಬಂದು ಕಡಿದ ಬಾಯಿ ಅಗಲವಾಗುತ್ತಾ ಹೋಗಿ ಇಡೀ ನದಿ ಸಮುದ್ರ ಬಿಟ್ಟು ಕಣಿವೆಯೊಳಗೆ ನುಗ್ಗಿತು. ಮುಚ್ಚಿದ್ದು ಸದರ್ನ್ ಪೆಸಿಫಿಕ್ ರೈಲ್ವೆ, ಗೂಡ್ಸ್ ಬೋಗಿಗಳಲ್ಲಿ ಬಂಡೆ ತಂದು ಸುರಿದು. 1906ರ ನವೆಂಬರ್‌ನಲ್ಲಿ ಮುಚ್ಚಿದ್ದು ಡಿಸೆಂಬರ್‌ನಲ್ಲಿ ಮತ್ತೆ ಕಿತ್ತುಹೋಯಿತು. 1907ರ ಫೆಬ್ರವರಿಯಲ್ಲಿ ಕೊನೆಗೂ ನಿಂತಿತು. ಒಳಗೆ ಬಂದ ನೀರೇ ಇವತ್ತಿನ ಸಾಲ್ಟನ್ ಸರೋವರ.

ಆಮೇಲೆ ಕಲಿತ ಪಾಠ ಇಂಪೀರಿಯಲ್ ಒಡ್ಡಿನಲ್ಲಿ ಕಾಣುತ್ತದೆ. ಕ್ಯಾಲಿಫೋರ್ನಿಯಾ ಕಡೆಯ ಬಾಯಿಯಿಂದ ಬಂದ ನೀರು ನೇರ ಕಾಲುವೆಗೆ ಹೋಗುವುದಿಲ್ಲ. ಮೂರು ಅಗಾಧ ತೊಟ್ಟಿಗಳಲ್ಲಿ ಹರಡಿ, ವೇಗ ಕಳೆದುಕೊಂಡು, ಮರಳು-ಗೋಡು ತಳಕ್ಕೆ ಕೂರಬೇಕು. ತಳದಲ್ಲಿ 72 ತಿರುಗು ಕರಣೆಗಳು ನಿಧಾನಕ್ಕೆ ಸುತ್ತುತ್ತಾ ಕೆಸರನ್ನು ನಡುವಿನ ಗುಂಡಿಗೆ ತಳ್ಳುತ್ತವೆ. ಅಲ್ಲಿಂದ ಕೊಳವೆಯಲ್ಲಿ ಹೊರಟು ಒಡ್ಡಿನ ಕೆಳಗೆ ನದಿಗೇ ವಾಪಸ್. ಮೇಲಿನ ತಿಳಿನೀರು ಅಂಚು ದಾಟಿ ಕಾಲುವೆಗೆ ಇಳಿಯುತ್ತದೆ. ಕರಣೆ ಜೋರಾಗಿ ತಿರುಗಿಸಿದರೆ ಕೂತ ಮಣ್ಣು ಮತ್ತೆ ಕದಡುತ್ತದೆ, ಆ ನಿಧಾನ ಬೇಕಂತಲೇ ಇಟ್ಟದ್ದು.

ಮೇಲೆ ಮೀಡ್ ಮಣ್ಣು ಹಿಡಿದುಕೊಂಡ ಮೇಲೂ ಇದೆಲ್ಲ ಯಾಕೆ ಅಂದರೆ, ಅಣೆಕಟ್ಟೆಯಿಂದ ತಿಳಿಯಾಗಿ ಹೊರಬಿದ್ದ ನೀರು ಕೆಳಗಿನ ಪಾತ್ರವನ್ನೇ ಕೊರೆದು ಮಣ್ಣು ತುಂಬಿಕೊಳ್ಳುತ್ತದೆ. ಹೂವರ್ ಬಂದ ಮೇಲೆ ನೀಡಲ್ಸ್ ಊರಿನ ಹತ್ತಿರ ಆ ಮಣ್ಣು ಕೂತು ಪಾತ್ರ ಎತ್ತರವಾಗಿ ಡ್ರೆಜ್ಜರ್ ತಂದು ತೆಗೆಯಬೇಕಾಯಿತು. ಇನ್ನು ಪೊವೆಲ್: 1963ರಿಂದ 2018ರೊಳಗೆ ಶೇ. 7ರಷ್ಟು ಜಾಗ ಹೂಳಿಗೆ ಹೋಗಿದೆ. ನಮ್ಮ ತುಂಗಭದ್ರಾ 133ರಿಂದ 105 ಟಿಎಂಸಿಗೆ ಇಳಿದದ್ದಕ್ಕೆ ಹೋಲಿಸಿದರೆ ಪರವಾಗಿಲ್ಲ ಅನ್ನಬಹುದು.

ಪಂಪ್‌ಹೌಸ್

ಕಾಲುವೆ ಅಂದರೆ ಇಳಿಜಾರು ಅಂದುಕೊಂಡವರಿಗೆ ಪಾರ್ಕರ್ ಅಣೆಕಟ್ಟೆಯ ಹಿಂದಿನ ಹವಾಸು ಸರೋವರ ತೋರಿಸಬೇಕು. ಅಲ್ಲಿಂದ ಎರಡು ದಿಕ್ಕಿಗೆ ಎರಡು ಏತ ಹೋಗುತ್ತವೆ. ಪಡುವಣಕ್ಕೆ ಕೊಲರಾಡೊ ರಿವರ್ ಅಕ್ವಿಡಕ್ಟ್: 242 ಮೈಲಿ, ಐದು ಪಂಪ್ ಕೇಂದ್ರ, ಒಟ್ಟು ಎತ್ತರ 1,617 ಅಡಿ, ವರ್ಷಕ್ಕೆ 12 ಲಕ್ಷ ಎಕರೆ-ಅಡಿ ಸಾಮರ್ಥ್ಯ. ಮೂಡಣಕ್ಕೆ ಅರಿಜೋನಾದ ಆ ದೊಡ್ಡ ಕಾಲುವೆ, ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್: 336 ಮೈಲಿ, 14 ಪಂಪ್ ಕೇಂದ್ರ, ಟೂಸಾನ್ ಮುಟ್ಟುವಷ್ಟರಲ್ಲಿ ಏರುವುದು ಸುಮಾರು 2,900 ಅಡಿ. ಮೊದಲ ಮಾರ್ಕ್ ವಿಲ್ಮರ್ ಕೇಂದ್ರ ಒಂದೇ ಏಟಿಗೆ 824 ಅಡಿ ಎತ್ತಿ ಬೆಟ್ಟದೊಳಗಿನ ಏಳು ಮೈಲಿ ಸುರಂಗಕ್ಕೆ ಹಾಕುತ್ತದೆ.

ವಿದ್ಯುತ್ ಲೆಕ್ಕ ನೀವೇ ಹಾಕಿ. ಒಂದು ಎಕರೆ-ಅಡಿ 1,233 ಘನ ಮೀಟರ್. 1,617 ಅಡಿ ಅಂದರೆ 493 ಮೀಟರ್. ಎರಡನ್ನೂ 9.81ರ ಜೊತೆ ಗುಣಿಸಿ ಯೂನಿಟ್ಟಿಗೆ ತಿರುಗಿಸಿದರೆ ಬರುವುದು ಸುಮಾರು 1,650 ಯೂನಿಟ್. ಪಂಪು, ಮೋಟಾರು, ಕೊಳವೆಯ ಘರ್ಷಣೆ ಸೇರಿಸಿದರೆ ನಿಜವಾಗಿ 2,000 ಯೂನಿಟ್ ಆಸುಪಾಸು. ಅರಿಜೋನಾದಲ್ಲಿ ಈ ಕಾಲುವೆಯೇ ಅತಿ ದೊಡ್ಡ ವಿದ್ಯುತ್ ಗ್ರಾಹಕ. ಇದರ ವಿದ್ಯುತ್ತಿನ ಬಹುಪಾಲು 2019ರಲ್ಲಿ ಮುಚ್ಚಿದ ನವಾಹೋ ಕಲ್ಲಿದ್ದಲು ಸ್ಥಾವರದಿಂದ ಬರುತ್ತಿತ್ತು.

ಖರ್ಚು ತಗ್ಗಿಸುವ ಉಪಾಯ ಪ್ಲೆಸೆಂಟ್ ಸರೋವರ. ಚಳಿಗಾಲದಲ್ಲಿ ವಿದ್ಯುತ್ ಅಗ್ಗ, ಹೊಲಕ್ಕೂ ಬೇಡಿಕೆ ಕಡಿಮೆ. ಆಗ ಎತ್ತಿ ಇದರಲ್ಲಿ ತುಂಬುತ್ತಾರೆ. ಬೇಸಿಗೆಯಲ್ಲಿ ಇಲ್ಲಿಂದ ಕಾಲುವೆಗೆ ಇಳಿಸುತ್ತಾರೆ, ಇಳಿಯುವಾಗ ಒಂದಿಷ್ಟು ವಿದ್ಯುತ್ತೂ ಹುಟ್ಟುತ್ತದೆ.

ಕೈಕೊಡುವುದು ಎಲ್ಲಿ? ಮೂರು ಜಾಗ. ನದಿ ದಾಟಿಸುವ ಸೈಫನ್‌ಗಳು ಮೊದಲನೆಯದು: 21 ಅಡಿ ವ್ಯಾಸದ ಕಾಂಕ್ರೀಟ್ ಕೊಳವೆಗಳಿಗೆ ಬಿಗಿದಿದ್ದ ಉಕ್ಕಿನ ತಂತಿ ತುಕ್ಕು ಹಿಡಿದು ಕಡಿಯತೊಡಗಿ, 1990ರಿಂದ ಈಚೆಗೆ ಭಾರೀ ರಿಪೇರಿ ಮಾಡಬೇಕಾಯಿತು. ಎರಡನೆಯದು ನೆಲ ಕುಸಿತ. ಅಂತರ್ಜಲ ಬಗೆದು ತೆಗೆದ ಕಡೆ ಭೂಮಿಯೇ ಇಳಿಯುತ್ತದೆ, ಕಾಲುವೆಯೂ ಜೊತೆಗೆ ಇಳಿಯುತ್ತದೆ, ನೀರು ಅಂಚಿಗೆ ಬರುತ್ತದೆ. ಲೈನಿಂಗ್ ಎತ್ತರಿಸುವುದೊಂದೇ ದಾರಿ. ಮೂರನೆಯದು ಕ್ವಾಗಾ ಚಿಪ್ಪು. 2007ರ ಜನವರಿಯಲ್ಲಿ ಮೀಡ್‌ನಲ್ಲಿ ಕಾಣಿಸಿಕೊಂಡಿತು. ಬೆರಳುಗುರಿನಷ್ಟು ಇರುವ ಈ ಜೀವಿ ಮೋಟಾರು ತಂಪಿಡುವ ಸಣ್ಣ ಕೊಳವೆಗಳಲ್ಲೂ ಜಾಲರಿಗಳಲ್ಲೂ ಪದರ ಪದರವಾಗಿ ಅಂಟುತ್ತದೆ. ಕಾಲುವೆಯ ನೀರು ನಿಲ್ಲುವುದಿಲ್ಲ, ತಂಪಿನ ನೀರು ಕಟ್ಟಿ ಬೇರಿಂಗ್ ಬಿಸಿಯಾಗಿ ಯಂತ್ರ ನಿಲ್ಲುತ್ತದೆ. ಕೆರೆದು ತೆಗೆಯುವುದು ಮುಗಿಯದ ಕೆಲಸ.

ಕಳೆಗೆ ಮಾತ್ರ ಮೀನೇ ಔಷಧ. ಹುಲ್ಲುಗೆಂಡೆ ಬಿಡುತ್ತಾರೆ, ಮರಿ ಹಾಕದಂತೆ ಬೆಳೆಸಿದ ತಳಿ.

ಟೇಲೆಂಡ್_ಮಾನ್ವಿ

ಮೀಡ್ ಇನ್ನೂ ಇಳಿದರೆ ಹೂವರ್‌ನಿಂದ ನೀರೇ ಹೊರಬರಲ್ಲ ಅಂತಾರೆ. 950 ಅಡಿ ಅಲ್ವಾ ಆ ಮಟ್ಟ?

ಪಂಪ್‌ಹೌಸ್

ಎರಡು ಮಟ್ಟ ಬೆರೆಸಬೇಡಿ. 895 ಅಡಿಯಲ್ಲಿ ಇಂಟೇಕ್ ಗೋಪುರಗಳ ಕೆಳಗಿನ ಗೇಟಿದೆ, ಅದಕ್ಕಿಂತ ಕೆಳಗಿನ ನೀರು ಹೊರಬರದು. ಅದು ಸತ್ತ ಸಂಗ್ರಹ. 950 ವಿದ್ಯುತ್ತಿನ ಮಟ್ಟ, ಅದೂ ಕಡಿಮೆ ಎತ್ತರಕ್ಕೆಂದೇ ಹೊಸದಾಗಿ ಕೂರಿಸಿದ ಐದು ಟರ್ಬೈನ್‌ಗಳಿಗೆ ಮಾತ್ರ. ಒಟ್ಟು 17 ಇವೆ, ಹಳೆಯವು ಅದಕ್ಕೂ ಎಷ್ಟೋ ಮೊದಲೇ ನಡುಗತೊಡಗುತ್ತವೆ.

ಹೂವರ್‌ಗಿಂತ ಮೊದಲು ಸಿಕ್ಕಿಬೀಳುವುದು ಗ್ಲೆನ್ ಕ್ಯಾನ್ಯನ್. ಅಲ್ಲಿ ವಿದ್ಯುತ್ತಿನ ಕನಿಷ್ಠ ಮಟ್ಟ 3,490 ಅಡಿ. 2023ರ ಆರಂಭದಲ್ಲಿ 3,520ರ ಹತ್ತಿರ ಬಂದಿತ್ತು. 3,490ರ ಕೆಳಗೆ ಟರ್ಬೈನ್‌ಗೆ ನೀರು ಬಿಟ್ಟರೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ. ಆಗ ಉಳಿಯುವ ದಾರಿ ನಾಲ್ಕು ಕೊಳವೆ, ಒಂದೊಂದು 8 ಅಡಿ ವ್ಯಾಸ, ಎಲ್ಲ ಸೇರಿ 15,000 ಕ್ಯೂಸೆಕ್. ಮಟ್ಟ ಇಳಿದಂತೆ ಅದೂ ಇಳಿಯುತ್ತದೆ. ವರ್ಷಕ್ಕೆ 82.3 ಲಕ್ಷ ಎಕರೆ-ಅಡಿ ಬಿಡಲು ದಿನಾಲೂ ಸರಾಸರಿ 11,400 ಕ್ಯೂಸೆಕ್ ಬೇಕು. ಕಾಗದದ ಮೇಲೆ ಸಾಲುತ್ತದೆ.

ಹೂಳು

ಕಾಗದದ ಮೇಲೆ ಮಾತ್ರ! 2023ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮರಳುದಂಡೆ ಕಟ್ಟಲೆಂದು 72 ತಾಸು 39,500 ಕ್ಯೂಸೆಕ್ ಬಿಟ್ಟರು, ಆ ನಾಲ್ಕೂ ಕೊಳವೆ ತೆರೆದು. ಆಮೇಲೆ ನೋಡಿದರೆ ಒಳಮೈ ಲೇಪನ ಕಿತ್ತುಹೋಗಿ ಉಕ್ಕಿಗೆ ಹಾನಿ. ಜಲಾಶಯ ಕೆಳಗಿದ್ದಾಗ ಬಿಟ್ಟದ್ದೇ ಮುಳುವಾಯಿತು. 2024ರಲ್ಲಿ ಲೇಪನ ಹೊಸದಾಗಿ ಮಾಡಿದರು.

ಇದು ಕ್ಯಾವಿಟೇಶನ್. ವೇಗದ ನೀರು ಗೋಡೆಯ ಒಂದು ಸಣ್ಣ ಉಬ್ಬನ್ನು ದಾಟಿದ ಕೂಡಲೇ ಅಲ್ಲಿ ಒತ್ತಡ ಕುಸಿದು, ತಣ್ಣನೆಯ ನೀರೇ ಕುದಿದಂತೆ ಆವಿಯ ಗುಳ್ಳೆ ಏಳುತ್ತದೆ. ಒಂದಡಿ ಮುಂದೆ ಒತ್ತಡ ಮರಳುತ್ತದೆ, ಗುಳ್ಳೆ ಒಡೆಯುತ್ತದೆ, ಒಡೆಯುವಾಗ ಗೋಡೆಗೆ ಸಣ್ಣ ಸುತ್ತಿಗೆಯ ಏಟು. ಅಂಥ ಏಟು ಕ್ಷಣಕ್ಕೆ ಸಾವಿರಾರು. ಒಂದು ಕುಳಿ ಬಿದ್ದರೆ ಆ ಕುಳಿಯ ಅಂಚೇ ಮುಂದಿನ ಉಬ್ಬು, ಅದರ ಮುಂದೆ ಇನ್ನೂ ದೊಡ್ಡ ಕುಳಿ.

1983ರಲ್ಲಿ ಇದೇ ಅಣೆಕಟ್ಟೆಯ ಕೋಡಿ ಸುರಂಗದಲ್ಲಿ ಆದದ್ದು ಅದೇ. ತಡವಾಗಿ ಬಿದ್ದ ಹಿಮ ಒಟ್ಟಿಗೆ ಕರಗಿತು, ಪೊವೆಲ್ ತುಂಬಿಯೇ ಇತ್ತು. 41 ಅಡಿ ವ್ಯಾಸದ ಸುರಂಗ ತೆರೆದ ಮೇಲೆ ಅಣೆಕಟ್ಟೆ ನಡುಗಿತು, ಹೊರಬಾಯಿಂದ ಕಾಂಕ್ರೀಟ್ ತುಂಡು, ಕೆಂಪು ಬಂಡೆ ಹಾರಿಬಂತು. ಸುರಂಗದಲ್ಲಿ ಹರಿವು ತಗ್ಗಿಸಬೇಕು, ಜಲಾಶಯವೂ ಉಕ್ಕಬಾರದು. ಆಗ ಕೋಡಿ ಗೇಟಿನ ನೆತ್ತಿಗೆ ಪ್ಲೈವುಡ್ ಹಲಗೆ ಕಟ್ಟಿ ನೀರು ತಡೆದರು, ಆಮೇಲೆ ಉಕ್ಕಿನ ಹಲಗೆ. ಜುಲೈ ಮಧ್ಯಕ್ಕೆ ಮಟ್ಟ 3,708 ಅಡಿ, ತುಂಬುಮಟ್ಟಕ್ಕಿಂತ ಎಂಟಡಿ ಮೇಲೆ. ನಿಂತ ಮೇಲೆ ಎಡ ಸುರಂಗದೊಳಗೆ ಹೋದರೆ 32 ಅಡಿ ಆಳದ ಹೊಂಡ.

ರಿಪೇರಿ ನೋಡಲು ಸರಳ. ಸುರಂಗದ ಸುತ್ತ ಒಂದು ತೋಡು ಕೊರೆದು ನೀರಿನ ಅಡಿಗೆ ಗಾಳಿ ನುಗ್ಗುವಂತೆ ಮಾಡಿದರು. ನೀರಿನಲ್ಲಿ ಗಾಳಿ ಬೆರೆತರೆ ಅದು ಮೆತ್ತೆಯಾಗುತ್ತದೆ, ಗುಳ್ಳೆ ಒಡೆದರೂ ಏಟು ಗೋಡೆಗೆ ಬೀಳುವುದಿಲ್ಲ. ಮರುವರ್ಷವೇ ನೀರು ಬಿಟ್ಟು ಪರೀಕ್ಷಿಸಿದರು, ತಡೆಯಿತು. ಅದೇ 1983ರಲ್ಲಿ ಹೂವರ್‌ನ ಕೋಡಿಯೂ ಹರಿದಿತ್ತು. ಅದರ ಇಡೀ ಆಯುಸ್ಸಿನಲ್ಲಿ ಎರಡೇ ಸಲ, ಇನ್ನೊಂದು 1941ರ ಪರೀಕ್ಷೆ.

ನೀರುಗಂಟಿ

ಸೋರಿಕೆ ಬಗ್ಗೆ ಒಂದು ಮಾತು ಉಳಿದಿದೆ, ಯಾಕೆಂದರೆ ಲೈನಿಂಗ್ ಅಂದರೆ ಬರೀ ಉಳಿತಾಯ ಅಂತ ಎಲ್ಲರೂ ನಂಬಿಬಿಟ್ಟಿದಾರೆ.

ಆಲ್-ಅಮೆರಿಕನ್ ಕಾಲುವೆ 80 ಮೈಲಿ, ಬಾಯಲ್ಲಿ 15,155 ಕ್ಯೂಸೆಕ್ ಸಾಮರ್ಥ್ಯ, ಅಂದರೆ ದಿನಕ್ಕೆ 1.3 ಟಿಎಂಸಿ. 1940ರ ದಶಕದಿಂದ ಮರಳುದಿಬ್ಬದ ನಡುವೆ ಬರೀ ಮಣ್ಣಿನ ಕಾಲುವೆಯಾಗಿಯೇ ಹರಿಯುತ್ತಿತ್ತು. 2007ರಿಂದ 23 ಮೈಲಿ ಕಾಂಕ್ರೀಟ್ ಮಾಡಿದರು. ಹಳೆಯದಕ್ಕೆ ಕೈ ಹಚ್ಚಲಿಲ್ಲ, ನೀರು ನಿಲ್ಲಿಸುವಂತಿಲ್ಲವಲ್ಲ. ಪಕ್ಕದಲ್ಲೇ ಹೊಸದು ತೋಡಿ ಲೈನಿಂಗ್ ಮಾಡಿ ನೀರನ್ನು ಹೊರಳಿಸಿದರು. ವರ್ಷಕ್ಕೆ 67,700 ಎಕರೆ-ಅಡಿ ಉಳಿತಾಯ, ಹತ್ತಿರ ಮೂರು ಟಿಎಂಸಿ, ಬಹುಪಾಲು ಸ್ಯಾನ್ ಡಿಯಾಗೊ ನಗರದ ಕಡೆಗೆ.

ಆದರೆ ಆ ಸೋರಿದ ನೀರು ಪಾತಾಳಕ್ಕೆ ಹೋಗುತ್ತಿರಲಿಲ್ಲ. ಗಡಿಯಾಚೆ ಮೆಹಿಕಾಲಿ ರೈತರ ಬಾವಿಗೆ ಹೋಗುತ್ತಿತ್ತು. ಅವರು ಕೋರ್ಟಿಗೆ ಹೋದರು, ಒಂದಷ್ಟು ಕಾಲ ಕೆಲಸವೂ ನಿಂತಿತ್ತು, ಕೊನೆಗೆ 2006ರಲ್ಲಿ ಅಮೆರಿಕದ ಕಾಂಗ್ರೆಸ್ಸೇ ಕಟ್ಟಿ ಅಂತ ಶಾಸನ ಮಾಡಿತು. ಬಾವಿಗಳ ನೀರು ಹೋಯಿತು. ಇದನ್ನು ಉಳಿತಾಯ ಅನ್ನುವುದಾದರೆ ಯಾರ ಉಳಿತಾಯ ಅಂತಲೂ ಸೇರಿಸಿ ಹೇಳಬೇಕು.

ಟೇಲೆಂಡ್_ಮಾನ್ವಿ

ಸಿಂಧನೂರು, ಗಂಗಾವತಿ ಕಡೆ ಸವಳು-ಜವಳಾಗಿ ಹೊಲ ಬಿಟ್ಟವರಿದ್ದಾರೆ. ಮರುಭೂಮಿಯಲ್ಲಿ ಅದು ಇನ್ನೂ ಜೋರಿರಬೇಕಲ್ಲ?

ನೀರುಗಂಟಿ

ಜೋರೇ. ಇಂಪೀರಿಯಲ್‌ನಲ್ಲಿ ನೀರಿನ ಉಪ್ಪು ಲೀಟರಿಗೆ 700 ಮಿಲಿಗ್ರಾಂ ಆಸುಪಾಸು. ಕುಡಿದರೆ ಗೊತ್ತಾಗದಷ್ಟು. ಆದರೆ ಒಂದು ಎಕರೆ-ಅಡಿಯಲ್ಲಿ ಅದು 860 ಕಿಲೋ. ಎಕರೆಗೆ ವರ್ಷಕ್ಕೆ ಐದು ಅಡಿ ನೀರು ಕೊಟ್ಟರೆ ನಾಲ್ಕು ಟನ್ನಿಗೂ ಮೇಲೆ ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ. ಅದಕ್ಕೆ ಬೆಳೆಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿ ಉಪ್ಪನ್ನು ಬೇರಿನ ಕೆಳಗೆ ತೊಳೆಯಬೇಕು. ಹೊಲದಡಿ ಐದಾರು ಅಡಿ ಆಳದಲ್ಲಿ ತೂತಿನ ಕೊಳವೆ ಹುಗಿದಿರುತ್ತಾರೆ, ತೊಳೆದ ನೀರು ಅದರಲ್ಲಿ ಇಳಿದು ಬಸಿಗಾಲುವೆಗೆ, ಅಲ್ಲಿಂದ ಸಾಲ್ಟನ್ ಸರೋವರಕ್ಕೆ. ಬಸಿಗಾಲುವೆ ಇಲ್ಲದೆ ಬರೀ ಕಾಲುವೆ ತಂದರೆ ಏನಾಗುತ್ತೆ ಅನ್ನುವುದಕ್ಕೆ ನಿಮ್ಮ ಗಂಗಾವತಿಯೇ ಉತ್ತರ.

ಸಾಲ್ಟನ್‌ಗೆ ಹೊರದಾರಿ ಇಲ್ಲ. ಸಮುದ್ರಕ್ಕಿಂತ ಉಪ್ಪು. ಈಗ ಹೊಲದಲ್ಲಿ ನೀರು ಉಳಿಸಿ ಸ್ಯಾನ್ ಡಿಯಾಗೊಗೆ ಮಾರಿದಷ್ಟೂ ಬಸಿನೀರು ಕಮ್ಮಿ, ದಡ ಒಣಗಿ ದೂಳು ಏಳುತ್ತದೆ, ಕಣಿವೆಯ ಮಕ್ಕಳಿಗೆ ಉಬ್ಬಸ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ಹೊಲಿಗೆ ಇದು.

ಲೆಕ್ಕದಬುಕ್ಕು

ಉಪ್ಪಿಗೆ ಅಂತರರಾಷ್ಟ್ರೀಯ ಲೆಕ್ಕವೂ ಇದೆ. 1961ರಲ್ಲಿ ಅರಿಜೋನಾದ ವೆಲ್ಟನ್-ಮೊಹಾಕ್ ಪ್ರದೇಶದ ಬಸಿನೀರನ್ನು ನದಿಗೆ ಬಿಟ್ಟಾಗ ಮೆಕ್ಸಿಕೋಗೆ ಹೋಗುವ ನೀರಿನ ಉಪ್ಪು 2,700 ಪಿಪಿಎಂವರೆಗೆ (ಲೀಟರಿಗೆ ಅಷ್ಟು ಮಿಲಿಗ್ರಾಂ ಅಂದುಕೊಳ್ಳಿ) ಏರಿತು, ಮೆಹಿಕಾಲಿಯಲ್ಲಿ ಬೆಳೆ ಸುಟ್ಟಿತು. 1973ರ ಒಪ್ಪಂದದಲ್ಲಿ ಬರೆದದ್ದು: ಗಡಿಯ ಮೊರೆಲೋಸ್ ಒಡ್ಡಿನಲ್ಲಿ ಮೆಕ್ಸಿಕೋಗೆ ಕೊಡುವ ನೀರು ಇಂಪೀರಿಯಲ್ ಒಡ್ಡಿನ ನೀರಿಗಿಂತ ಸರಾಸರಿ 115 ಪಿಪಿಎಂ ಹೆಚ್ಚಿರಬಹುದು, ಮೂವತ್ತು ಆಚೀಚೆ. ಅದಕ್ಕಾಗಿ ಯೂಮಾದಲ್ಲಿ ಉಪ್ಪು ತೆಗೆಯುವ ದೊಡ್ಡ ಘಟಕ ಕಟ್ಟಿದರು, 1992ರಲ್ಲಿ ಮುಗಿಯಿತು. ಓಡಿದ್ದು ಬಹಳ ಕಮ್ಮಿ. ಬಸಿನೀರನ್ನು ಬೇರೆ ಕಾಲುವೆಯಲ್ಲಿ ಸಾಗಹಾಕುವುದೇ ಅಗ್ಗ ಅಂತ ಗೊತ್ತಾಯಿತು. ಆ ಕಾಲುವೆ ಮೆಕ್ಸಿಕೋದ ಸಾಂತಾ ಕ್ಲಾರಾ ಜೌಗಿನಲ್ಲಿ ಕೊನೆಗಾಣುತ್ತದೆ. ಯಾರಿಗೂ ಬೇಡವಾದ ಉಪ್ಪುನೀರಿನಲ್ಲಿ ಈಗ ಆಪು ಬೆಳೆದು ಹಕ್ಕಿಗಳ ದೊಡ್ಡ ನೆಲೆಯಾಗಿದೆ. ಘಟಕ ಪೂರ್ತಿ ಓಡಿಸಿದರೆ ಜೌಗು ಒಣಗುತ್ತದೆ.

ತೂಬುಗಾರ

ಕಡೆಯ ಪ್ರಶ್ನೆ. ಇಷ್ಟೆಲ್ಲ ತೆಗೆದ ಮೇಲೆ ಸಮುದ್ರಕ್ಕೆ ಎಷ್ಟು ಹೋಗುತ್ತದೆ?

ಲೆಕ್ಕದಬುಕ್ಕು

ಸಾಧಾರಣ ವರ್ಷದಲ್ಲಿ ಇಲ್ಲವೇ ಇಲ್ಲ ಅನ್ನಿ. 1950ರಲ್ಲಿ ಕಟ್ಟಿದ ಮೊರೆಲೋಸ್ ಒಡ್ಡಿನಲ್ಲಿ ಉಳಿದದ್ದೆಲ್ಲ ಮೆಹಿಕಾಲಿ ಕಾಲುವೆಗೆ ತಿರುಗುತ್ತದೆ, ಒಡ್ಡಿನಿಂದ ಸ್ವಲ್ಪ ದೂರಕ್ಕೇ ಪಾತ್ರ ಬರೀ ಮರಳು. 2014ರ ಮಾರ್ಚ್ 23ರಿಂದ ಎಂಟು ವಾರ, ಎರಡೂ ದೇಶ ಒಪ್ಪಿ, 1.05 ಲಕ್ಷ ಎಕರೆ-ಅಡಿ ಬಿಟ್ಟರು, ನಾಲ್ಕೂವರೆ ಟಿಎಂಸಿ. ಬಹುಪಾಲು ದಾರಿಯ ಮರಳೇ ಕುಡಿಯಿತು. ಮೇ ತಿಂಗಳಲ್ಲಿ ಒಂದು ಸಣ್ಣ ಎಳೆ ಸಮುದ್ರದ ಉಬ್ಬರದ ನೀರನ್ನು ಮುಟ್ಟಿತು.